ಕಿಟಕಿ ಸೀಟಿಗೆ ಹನ್ನೆರಡು ಗೋಳಿಬಜೆ

"ಸೀಟು ಬೇಡ. ನನ್ನ ಗೋಳಿಬಜೆ ವಾಪಸ್ ಕೊಡು" ಎಂದ ಜೋಯಲ್.

ಮೋಕ್ಷಾ ತನ್ನ ಟಿಫಿನ್ ಡಬ್ಬಿಯ ಮುಚ್ಚಳ ಹಾಕಿದಳು. "ತಿಂದದ್ದನ್ನು ಹೇಗೆ ಕೊಡುವುದು ಮಾರಾಯ?"

"ಅದು ನನಗೆ ಗೊತ್ತಿಲ್ಲ. ಹನ್ನೆರಡು ಉಂಟು."

ಲೆಕ್ಕ ಸರಿಯಾಗಿಯೇ ಇತ್ತು. ಮೋಕ್ಷಾಳ ಅಕ್ಕ ಭವ್ಯಶ್ರೀ ಪೈಲಟ್ ಟ್ರೈನಿಂಗಿಗೆ ಹೊರಟವಳು. ಅವಳು ಹಾರಿಸುವ ಮೊದಲ ವಿಮಾನದಲ್ಲಿ ಕಿಟಕಿ ಸೀಟು ಕೊಡಿಸುತ್ತೇನೆ ಎಂದು ಮೋಕ್ಷಾ ತನ್ನ ಐದನೇ ಕ್ಲಾಸಿನವರ ಹತ್ತಿರ ಬುಕಿಂಗ್ ಶುರು ಮಾಡಿದ್ದಳು. ಜೋಯಲ್ ಶುಕ್ರವಾರಕ್ಕೆ ಎರಡರಂತೆ ಆರು ವಾರ ಗೋಳಿಬಜೆ ಅಡ್ವಾನ್ಸ್ ಕೊಟ್ಟಿದ್ದ. ಸ್ಯಾಂಡ್ರಾ ಸ್ಟ್ರಾಬೆರಿ ಪರಿಮಳದ ರಬ್ಬರ್ ಕೊಟ್ಟಿದ್ದಳು. ಅಕ್ಕ ಮಾತ್ರ ಇನ್ನೂ ವಿಮಾನದ ಬಾಗಿಲನ್ನೂ ಮುಟ್ಟಿರಲಿಲ್ಲ.

"ಪಪ್ಪ ಪೇಪರಿನಲ್ಲಿ ಓದಿದರು" ಎಂದ ಜೋಯಲ್. " ಒಂದು ವಿಮಾನ ಕಂಪನಿ ಮುಚ್ಚಿತಂತೆ. ಲೈಸೆನ್ಸ್ ಇದ್ದವರೇ ಮನೆಯಲ್ಲಿ ಕೂತಿದ್ದಾರಂತೆ. ನಿನ್ನ ಅಕ್ಕನಿಗೆ ಯಾರು ವಿಮಾನ ಕೊಡುತ್ತಾರೆ?"

"ಹೆದರಬೇಡ. ನಿನ್ನ ಅಡ್ವಾನ್ಸ್ ನನ್ನ ಹತ್ತಿರ ಸೇಫ್."

"ಎಲ್ಲಿ?"

ಸೇಫ್ ಆಗಿದ್ದ ಜಾಗ ತೋರಿಸುವಂಥದ್ದಲ್ಲ. ರಬ್ಬರ್ ಕೂಡ ಸವೆದು ಕಡಲೆಯಷ್ಟಾಗಿತ್ತು.

ಮರುದಿನ ಶಾಲೆಗೆ ರಜೆ. ಶಂಕರಪುರದ ಮನೆಯ ಜಗಲಿಯಲ್ಲಿ ಅಮ್ಮ ಗುಣವತಿ, ಅಕ್ಕ, ಮೋಕ್ಷಾ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಅಪ್ಪ ಮುದ್ದಣ್ಣನ ಫೋನ್ ಸ್ಪೀಕರಿನಲ್ಲಿತ್ತು. ಮಾತನಾಡುತ್ತಿದ್ದವರು ಪೈಲಟ್ ಟ್ರೈನಿಂಗ್ ಶಾಲೆಯ ಸರ್.

"ಮಂಗಳವಾರದೊಳಗೆ ಪೂರ್ತಿ ಕಟ್ಟಿದರೆ ನಾಲ್ಕು ಲಕ್ಷ ಡಿಸ್ಕೌಂಟ್."

ಪೂರ್ತಿ ಎಂದರೆ ನಲವತ್ತೆಂಟು ಲಕ್ಷ. ಮನೆ, ಮಲ್ಲಿಗೆ ತೋಟ ಎರಡನ್ನೂ ಅಡವಿಟ್ಟರೆ ಬ್ಯಾಂಕ್ ಸಾಲ ಕೊಡುತ್ತದೆ. ದೋಸೆ ಹೊಯ್ಯುವಾಗಲೂ "ಸೀಟ್ ಬೆಲ್ಟ್ ಹಾಕಿಕೊಳ್ಳಿ" ಎನ್ನುವ ಅಕ್ಕನ ಮುಖ ಅರಳಿತು.

ಅಮ್ಮ ಕೇಳಿದರು, "ವಿಮಾನ ಕಂಪನಿಗಳೇ ಮುಚ್ಚುವಾಗ ನಿಮ್ಮ ಶಾಲೆಯೂ ಮುಚ್ಚಿದರೆ?"

"ಚಿಂತೆ ಬೇಡ ಮೇಡಂ. ನಿಮ್ಮ ಹಣ ನಮ್ಮ ಹತ್ತಿರ ಸೇಫ್."

ಮೋಕ್ಷಾಳ ಕೈಯ ಮಲ್ಲಿಗೆ ಕೆಳಗೆ ಬಿತ್ತು. "ಅಪ್ಪ, ಕೊಡಬೇಡಿ. ಅವರು ತಿಂದುಬಿಡುತ್ತಾರೆ."

ಅಪ್ಪ ಗಾಬರಿಯಾಗಿ ಫೋನನ್ನು ಮ್ಯೂಟ್ ಮಾಡಿದರು. ಬೇರೆ ದಾರಿಯಿಲ್ಲದೆ ಮೋಕ್ಷಾ ಗೋಳಿಬಜೆಯ ಕತೆಯನ್ನೆಲ್ಲ ಹೇಳಿದಳು.

"ನಿನ್ನ ಗೋಳಿಬಜೆಗೂ ನನ್ನ ಟ್ರೈನಿಂಗಿಗೂ ಎಂತ ಸಂಬಂಧ?" ಅಕ್ಕ ಸಿಡುಕಿದಳು.

"ನನಗೆ ಮೋಸ ಮಾಡಬೇಕು ಅಂತ ಇರಲಿಲ್ಲ ಅಕ್ಕ. ಕೈಯಲ್ಲಿ ಇತ್ತು. ಹಸಿವಾಯಿತು."

ಯಾರೂ ನಗಲಿಲ್ಲ. ಅಕ್ಕ ಹೂವನ್ನು ಕೆಳಗಿಟ್ಟು, ಅಪ್ಪನ ಕೈಯಿಂದ ಫೋನ್ ತೆಗೆದುಕೊಂಡು ಮ್ಯೂಟ್ ತೆಗೆದಳು. "ಸರ್, ಹತ್ತು ಗಂಟೆ ಹಾರಾಟಕ್ಕೆ ಎಷ್ಟೋ ಅಷ್ಟು ಕಟ್ಟುತ್ತೇನೆ. ಅದು ಮುಗಿದ ಮೇಲೆ ಇನ್ನು ಹತ್ತಕ್ಕೆ."

"ಹಾಗೆಲ್ಲ ಆಗುವುದಿಲ್ಲ. ಡಿಸ್ಕೌಂಟೂ ಹೋಗುತ್ತದೆ, ಸೀಟೂ ಹೋಗುತ್ತದೆ."

"ಹೋಗಲಿ ಸರ್." ಅವಳು ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಮತ್ತೆ ಕೂತು ನಾರನ್ನು ಜಗ್ಗಿ ಜಗ್ಗಿ ಹೂ ಕಟ್ಟತೊಡಗಿದಳು.

"ಹೂವು ಎಂತ ಮಾಡಿತು ನಿನಗೆ? ಮೆಲ್ಲ ಕಟ್ಟು" ಎಂದರು ಅಮ್ಮ.

ಅಕ್ಕನ ಸೀಟನ್ನು ತಾನೇ ಕ್ಯಾನ್ಸಲ್ ಮಾಡಿದೆನೋ ಎಂದು ಮೋಕ್ಷಾಳಿಗೆ ಅಳು ಬಂತು. ಆದರೆ ಮಧ್ಯಾಹ್ನ ಅಕ್ಕ ಪೈಲಟ್ ಪರೀಕ್ಷೆಯ ಹೊಸ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದಳು. ಅವಳ ಲೆಕ್ಕದಲ್ಲಿ ಮೊದಲು ಮೆಡಿಕಲ್ ಟೆಸ್ಟ್. ಆಮೇಲೆ ಮನೆಯಲ್ಲೇ ಓದಿ ಪರೀಕ್ಷೆ. ಅಷ್ಟರಲ್ಲಿ ಸ್ವಲ್ಪ ಸ್ವಲ್ಪವೇ ಹಣ ಕಟ್ಟಿಸಿಕೊಳ್ಳುವ ಶಾಲೆ ಹುಡುಕುವುದು.

"ಕಂಪನಿಗಳಿಗೆ ಈಗ ಅವಸರ ಇಲ್ಲ. ನನಗೂ ಇಲ್ಲ" ಎಂದಳು. ಮುಖ ಮಾತ್ರ ಅವಸರ ಇಲ್ಲದವಳ ಹಾಗಿರಲಿಲ್ಲ.

ಮುಂದಿನ ಶುಕ್ರವಾರ ಮೋಕ್ಷಾ ಅಮ್ಮನಿಂದ ಗೋಳಿಬಜೆ ಮಾಡಿಸಿದಳು. ತನ್ನ ಪಾಲಿನ ಎರಡನ್ನು ಜೋಯಲನ ಮುಂದಿಟ್ಟು, "ಇನ್ನು ಹತ್ತು" ಎಂದಳು. ರಬ್ಬರಿನ ವಿಷಯದಲ್ಲಿ ಸ್ಯಾಂಡ್ರಾಳ ಜೊತೆ ಮಾತುಕತೆ ನಡೆಯುತ್ತಿತ್ತು.

"ನಿನ್ನ ಅಕ್ಕ ಎಲ್ಲಿಗೆ ಮುಟ್ಟಿದಳು?" ಜೋಯಲ್ ಕೇಳಿದ.

"ಹವಾಮಾನದ ಪುಸ್ತಕದ ಮೂವತ್ತನೇ ಪುಟ."

"ವಿಮಾನ ಯಾವಾಗ ಮಾರಾಯ್ತಿ?"

"ಗೊತ್ತಿಲ್ಲ."

ಜೋಯಲ್ ಒಂದನ್ನು ತಿಂದು ಬೆರಳು ಚೀಪಿದ. "ಆಗಲಿ, ಸೀಟು ನನಗೇ ಇರಲಿ" ಎಂದು ಇನ್ನೊಂದನ್ನು ಅಡ್ವಾನ್ಸಾಗಿ ಅವಳ ಕಡೆ ಚಾಚಿದ.

ಮೋಕ್ಷಾಳ ಕೈ ತಾನಾಗಿ ಮುಂದೆ ಹೋಯಿತು. ಅವಳು ಕೈಯನ್ನು ಹಿಂದೆಳೆದುಕೊಂಡಳು.

"ಈಗ ಬೇಡ. ಸೋಮವಾರ ಅಕ್ಕನ ಮೆಡಿಕಲ್ ಉಂಟು. ಪಾಸಾದರೆ ಅರ್ಧ ಕೊಡು."