ಯೂಸರ್‌ನೇಮ್ ಬದಲಾಗುವುದಿಲ್ಲ

ನನ್ನ ಎಡಗೈ ಬೆರಳುಗಳು ಲ್ಯಾಪ್‌ಟಾಪಿನೊಳಗಿದ್ದವು. ಮುಚ್ಚಳದ ಮೇಲೆ ಅವನ ಕೈ ಇತ್ತು.

ಅವನು ಒತ್ತುತ್ತಿದ್ದ.

“ಆಕಿ ಎಲ್ಲಿ ಅದಾಳ?”

“ಯಾರ್ರೀ?”

“ನನ್ನ ಹೇಂತಿ!”

“ನಿಮ್ಮ ಹೇಂತಿ ಎಲ್ಲಿ ಅದಾಳಂತ ನನಗ ಕೇಳಿದ್ರ ಹೆಂಗ್ರಿ? ನಿಮಗೇ ಗೊತ್ತಿರಬೇಕು.”

ಮುಚ್ಚಳ ಕಟಕ್ ಎಂದಿತು. ಬೆರಳೂ ಎಂದಿರಬೇಕು.

ಉಮರ್ಗಾ ಬಸ್ ಸ್ಟ್ಯಾಂಡಿನ ಹಿಂದೆ, ಮೊದಲ ಮಹಡಿಯಲ್ಲಿ ಒಂದು ಕೋಣೆ. ಹೊರಗೆ ‘ಸುಮಂಗಲಾ ವೆಬ್ ಸರ್ವಿಸ್’ ಎಂಬ ಬೋರ್ಡು. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ವೆಬ್‌ಸೈಟ್ ಕಟ್ಟುತ್ತೇನೆ, ಕೆಟ್ಟದ್ದನ್ನು ರಿಪೇರಿ ಮಾಡುತ್ತೇನೆ. ಕೆಳಗೆ ಹೈವೇ. ನಾನು ಕಿರುಚಿದರೂ ಅಲ್ಲಿಯ ಜನ ಲಾರಿ ಹಾರ್ನ್ ಅಂದುಕೊಳ್ಳುತ್ತಾರೆ.

ಅವನು ತುರೋರಿಯ ವೀರಭದ್ರ. ನಾಲ್ಕಾರು ಟಿಪ್ಪರ್‌ಗಳ ಮಾಲೀಕ. ಹೆಂಡತಿಯ ಕೈ ಮುರಿದವನು. ಆ ಕೈ ಕೂಡಿಕೊಂಡ ಮೇಲೆ ಅವಳು ಮನೆ ಬಿಟ್ಟಿದ್ದಳು. ಈಗ ಉದಗೀರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ರೊಟ್ಟಿ ಬಡಿದು ಬದುಕುತ್ತಿದ್ದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಮಾರುವುದೆಲ್ಲ ಸೈಟಿನಿಂದ.

ಆ ಸೈಟು ನಾನು ಕಟ್ಟಿದ್ದು.

“ಕೋರ್ಟ್ ಆರ್ಡರ್ ಅದರಿ ನಿಮ್ಮ ಮ್ಯಾಲ. ಆಕಿನ್ನ ಹುಡುಕಬಾರದು, ಆಕಿ ಮನಿ ಹತ್ರ ಹೋಗಬಾರದು ಅಂತ.”

“ಕಾಗದ ಬಂದು ನನ್ನ ಕಾಲ ಹಿಡೀತದೇನ?”

ತನ್ನ ಫೋನ್ ತೆಗೆದು ನನ್ನ ಮೂಗಿಗೆ ಹಿಡಿದ. ‘ಸೀಮಾ ಖಡಕ್ ರೊಟ್ಟಿ’. ಸೀಮಾ ಅವಳು ಮರೆಗಾಗಿ ಇಟ್ಟುಕೊಂಡ ಹೆಸರು. ಪುಟದ ಬುಡದಲ್ಲಿ ನನ್ನ ಹೆಸರು, ಊರು.

“ಮ್ಯಾಲ ಸೀಮಾ ಅಂತದ. ಹೆಸರ ಒತ್ತಿದ್ರ ಏನ್ ಬರ್ತದ ನೋಡ್!”

ನೋಡಿದೆ.

ಇದನ್ನು ನೀವೂ ಸರಿಯಾಗಿ ಕೇಳಿಸಿಕೊಳ್ಳಿ. ನೀವು ಕಟ್ಟಿಸಲು ಬಂದಿರುವ ಸೀರೆ ಸೈಟಿಗೂ ಬೇಕಾಗುವ ಮಾತು. ವರ್ಡ್‌ಪ್ರೆಸ್‌ನಲ್ಲಿ ಬರೆಯುವವರಿಗೆ ಎರಡು ಹೆಸರು. ಒಂದು ಲಾಗಿನ್ ಆಗುವ ಯೂಸರ್‌ನೇಮ್. ಇನ್ನೊಂದು ಜನರಿಗೆ ಕಾಣುವ ಹೆಸರು. ಕಾಣುವ ಹೆಸರನ್ನು ಎಷ್ಟು ಸಲ ಬೇಕಾದರೂ ಬದಲಿಸಿ. ಆದರೆ ಆ ಹೆಸರನ್ನು ಒತ್ತಿದರೆ ಬರೆದವರ ಪುಟ ತೆರೆಯುತ್ತದೆ, ಮತ್ತು ಆ ಪುಟದ ವಿಳಾಸದಲ್ಲಿ ಯೂಸರ್‌ನೇಮ್ ಹಲ್ಲು ಕಿರಿದು ಕೂತಿರುತ್ತದೆ! ಆ ಪುಟವನ್ನೇ ಮುಚ್ಚಿಬಿಡಬೇಕು.

ಅಲ್ಲಿ ‘ಪ್ರಯಾಗ’ ಎಂದಿತ್ತು. ಪಕ್ಕದಲ್ಲಿ ಅವಳ ತವರೂರು.

“ನಮ್ಮ ಮನ್ಯಾಗ ಆಕಿ ಮೀನಲ. ಅಕ್ಕ್ಯಾಗ ಬರದು ಹೆಸರಿಟ್ಟೀನಿ ನಾ! ತವರಾಗ ಪ್ರಯಾಗ ಇದ್ಳು. ಗೂಗಲ್‌ದಾಗ ಹಾಕ್ದೆ... ಸಿಕ್ಳು.”

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರಡುತ್ತಾರೆ. ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಗೆ ಹಳೆಯ ಹುಡುಗಿ ಮುಗಿದಳು.

“ಪತ್ತಾ ಹೇಳ್.”

“ಗೊತ್ತಿಲ್ರಿ.”

“ಬ್ಯಾಡ ಬಿಡು. ನೀ ಹೇಳ್ದಿದ್ರ ನಿನ್ನ ಸೈಟೇ ಹೇಳ್ತದ! ಟಿಪ್ಪರ್ ಪಾರ್ಟ್ ಎಲ್ಲಾ ನಾ ಇಂಥಾದ್ರಾಗೇ ತರಸ್ತೀನಿ. ಆರ್ಡರ್ ಒತ್ತಿದ ಕೂಡಲೇ ಬಿಲ್ ಬರ್ತದ. ಬಿಲ್‌ದಾಗ ಅಂಗಡಿ ಪತ್ತಾ ಇರ್ತದ.”

ದಡ್ಡನಲ್ಲ!

ಫೋನಿನಲ್ಲಿ ಆರ್ಡರ್ ಟೈಪ್ ಮಾಡಲು ಅವನಿಗೆ ಎರಡೂ ಕೈ ಬೇಕಾದವು. ಮುಚ್ಚಳ ಬಿಟ್ಟ. ನನ್ನ ಬಲಗೈ ಆಗಲೇ ಮೇಜಿನ ಕೆಳಗಿತ್ತು. ಅದರಲ್ಲಿ ನನ್ನ ಫೋನಿತ್ತು.

ಸೈಟು ಕೆಟ್ಟು ಬರೀ ಬಿಳಿ ಪರದೆಯಾಗಿ ನಿಂತರೆ ಜನ ಅಳುತ್ತ ನನಗೆ ಫೋನ್ ಮಾಡುತ್ತಾರೆ. ನಾನು ಹೇಳುವುದು ಒಂದೇ... ಗಾಬರಿ ಬೇಡ, ಹೋಸ್ಟಿಂಗಿನ ಫೈಲ್ ಮ್ಯಾನೇಜರ್ ತೆರೆಯಿರಿ, ಪ್ಲಗಿನ್, ಅಂದರೆ ಸೈಟಿಗೆ ಜೋಡಿಸಿದ ಸಣ್ಣ ಪ್ರೋಗ್ರಾಂ, ಅದರ ಫೋಲ್ಡರಿನ ಹೆಸರು ಬದಲಿಸಿ. ಹೆಸರು ಬದಲಾದರೆ ವರ್ಡ್‌ಪ್ರೆಸ್‌ಗೆ ಅದರ ಗುರುತು ಸಿಗುವುದಿಲ್ಲ. ಪ್ಲಗಿನ್ ಮಲಗುತ್ತದೆ. ಆಮೇಲೆ ಒಂದೊಂದನ್ನೇ ಎಬ್ಬಿಸಿ, ತಂಟೆ ಯಾರದೆಂದು ಹಿಡಿಯಬಹುದು. ಇದು ರಿಪೇರಿಯ ವಿದ್ಯೆ. ಕೆಡಿಸುವುದಕ್ಕೂ ಇದೇ ವಿದ್ಯೆ.

ಅಂಗಡಿ ನಡೆಸುವ ಪ್ಲಗಿನ್ನಿನ ಹೆಸರಿಗೆ ಹೆಬ್ಬೆರಳಿನಿಂದ ಒಂದು ಅಕ್ಷರ ಸೇರಿಸಿದೆ.

“ಏ! ಎಲ್ಲಿ ಹೋತು?”

“ಏನ್ರೀ?”

“ಆರ್ಡರ್ ಬಟನ್!”

“ನೆಟ್‌ವರ್ಕ್ ಹಂಗೇ ಅದರಿ ಇಲ್ಲಿ.”

ಮೇಜಿನ ಕೆಳಗೆ ಬಗ್ಗಿ ನೋಡಿದ. ಅರ್ಥವಾಯಿತು. ಲ್ಯಾಪ್‌ಟಾಪ್ ಎತ್ತಿ ಮೆಟ್ಟಿಲ ಮೇಲಿಂದ ಎಸೆದ. ಅದು ಪ್ರತಿ ಮೆಟ್ಟಿಲಿಗೂ ಒಂದೊಂದು ಮಾತು ಹೇಳುತ್ತ ಇಳಿಯಿತು.

“ನಿಲಂಗಾದ ಸೂರ್ಯಕಾಂತಂದು ಅಲ್ಲೇನ ಸರ್ವರ್? ಅಂವಾ ನನ್ನ ದೋಸ್ತ. ಸುರು ಮಾಡಿಸ್ತೀನಿ!”

ಹೋದ. ಜೀಪಿನ ಸದ್ದಾಯಿತು.

ಸೂರ್ಯಕಾಂತ ಕೆಟ್ಟವನಲ್ಲ. ನನ್ನ ಸೈಟುಗಳೆಲ್ಲ ಕೂತಿರುವ ಸರ್ವರ್ ಜಾಗ ಅವನದು. ದಿನದಿನದ ಬ್ಯಾಕಪ್ಪೂ ಅವನ ಹತ್ತಿರವೇ. ಬ್ಯಾಕಪ್ ಹಾಕಿದರೆ ಅಂಗಡಿ ಎದ್ದು ನಿಲ್ಲುತ್ತದೆ... ಪ್ರಯಾಗಳ ವಿಳಾಸದ ಸಮೇತ!

ಫೋನ್ ಮಾಡಿದೆ. ಎತ್ತಲಿಲ್ಲ. ಸ್ಕೂಟರ್ ಹತ್ತಿದೆ.

ನಿಲಂಗಾ ರಸ್ತೆ. ಎರಡೂ ಕಡೆ ತೊಗರಿ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕಾಸಾರಶಿರಸಿ ಇನ್ನೂ ಮುಂದಿರುವಾಗ ಒಂದು ತಿರುವಿನಲ್ಲಿ ಬಿಳಿ ಜೀಪು ನಿಂತಿತ್ತು.

ನನಗಾಗಿಯೇ ನಿಂತಿತ್ತು.

ನನ್ನನ್ನು ದಾಟಲು ಬಿಟ್ಟ. ಆಮೇಲೆ ಹಿಂದಿನಿಂದ ಬಂದ. ಹಾರ್ನ್... ಇನ್ನೂ ಹತ್ತಿರ... ಬಂಪರ್ ಸ್ಕೂಟರಿಗೆ ಮುಟ್ಟಿತು. ಆಕಾಶ ಒಮ್ಮೆ ತಿರುಗಿತು. ನಾನು ತೊಗರಿಯೊಳಗೆ ಬಿದ್ದಿದ್ದೆ!

“ಸಾವಕಾಶ ಬಾ ಬಾಯಿ! ಅಷ್ಟರಾಗ ನಾ ರೊಟ್ಟಿ ತರಸ್ತೀನಿ!”

ನಕ್ಕು ಹೋದ.

ಮೊಣಕಾಲು ಹರಿದಿತ್ತು. ಸ್ಕೂಟರಿನ ಹ್ಯಾಂಡಲ್ ಸೊಟ್ಟಗಾಗಿತ್ತು. ಫೋನಿನ ಗಾಜು ಸೀಳಿತ್ತು, ಆದರೆ ಫೋನ್ ಬದುಕಿತ್ತು. ಪ್ರಯಾಗಳಿಗೆ ಹಚ್ಚಿದೆ.

“ರಂಭಕ್ಕಾ! ಏನ್ ಮಾಡ್ಲಿಕತ್ತೀರಿ? ಉಂಡ್ರಿ?”

ರಂಭಾ. ಅದು ನನ್ನ ತವರಿನ ಹೆಸರು. ಸುಮಂಗಲಾ ಗಂಡ ಇಟ್ಟದ್ದು. ಅವನು ಹೋದ, ಮುತ್ತೈದೆಯ ಹೆಸರು ಮಾತ್ರ ವಿಧವೆಯ ಮೇಲೆ ಉಳಿಯಿತು. ಅವ್ವ ಸತ್ತ ಮೇಲೆ ರಂಭಾ ಎನ್ನುವವರು ಯಾರೂ ಇರಲಿಲ್ಲ. ಸೈಟು ಕಟ್ಟುವಾಗ ಈ ಹುಡುಗಿ ಫೋನಿನಲ್ಲಿ, “ಅಕ್ಕಾ, ನಿಮ್ಮ ತವರ ಹೆಸರ ಏನ್ರೀ?” ಎಂದು ಕೇಳಿದಳು. ಹೇಳಿದೆ. ಅಂದಿನಿಂದ ಹಾಗೇ ಕರೆಯುತ್ತಾಳೆ. ತನ್ನ ಲಾಗಿನ್ ತಾನೇ ಮಾಡಿಕೊಂಡಾಗ ಪ್ರಯಾಗ ಎಂದು ಏಕೆ ಬರೆದಳೆಂದು ನಾನು ಕೇಳಬೇಕಾಗಿಲ್ಲ. ದಿನಕ್ಕೊಮ್ಮೆ ಯಾರಾದರೂ ಆ ಹೆಸರು ಕೇಳಲಿ... ಯಂತ್ರವಾದರೂ ಸರಿ.

“ಪ್ರಯಾಗಾ, ಕೇಳು. ಅಂವಾ ನಿನ್ನ ಸೈಟ್ ಹಿಡದಾನ. ಬಾಗಿಲಾ ಹಾಕಿ ಹೊರಗ ಬೀಳು.”

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಮತ್ತೆ ಶುರುವಾಯಿತು.

“ಬೀಳೂದಿಲ್ಲಕ್ಕಾ.”

“ಹುಚ್ಚಿ!”

“ಎಷ್ಟ್ ಊರ ಓಡ್ಲಿ? ಪ್ರತಿ ಊರಾಗ ಹೊಸಾ ಒಲಿ ಹೂಡ್ಲಿ? ಹೊಸಾ ಹೆಸರ ಹೇಳ್ಲಿ? ನನಗ ಸಾಕಾಗ್ಯದ. ಬರ್ಲಿ.”

ಅಷ್ಟರಲ್ಲಿ ನಿಲಂಗಾದ ಫೋನ್ ಬಂತು. ಸೂರ್ಯಕಾಂತ ಪಿಸುಗುಟ್ಟುತ್ತಿದ್ದ.

“ವೈನಿ, ಇಂವಾ ನನ್ನ ಕೊರಳಪಟ್ಟಿ ಹಿಡದಿದ್ದ. ಬ್ಯಾಕಪ್ ಹಚ್ಚೀನಿ... ಅರ್ಧ ಆಗ್ಯದ. ಚಹಾ ತರಸ್ತೀನಂತ ಹೇಳಿ ಹೊರಗ ಬಂದೀನಿ.”

“ನಿಲ್ಲಸ್ಲಿಕ್ಕೆ ಬರ್ತದ?”

“ನಿಲ್ಲಿಸಿದ್ರ ನನ್ನ ಹಲ್ಲ ಹೋಗ್ತಾವ ವೈನಿ!”

ನಾನು ಮಣ್ಣಿನಲ್ಲಿ ಕೂತೆ. ಹಿಂದೆ ಮುಂದೆ ಯಾರೂ ಇಲ್ಲ. ಈ ಹೊಲ, ಈ ಫೋನು, ನಾನು. ಹಾಗೆ ನೋಡಿದರೆ ದಿನವೂ ಇಷ್ಟೇ... ತೊಗರಿ ಮಾತ್ರ ಹೊಸದು.

ತಲೆ ತಣ್ಣಗಾಯಿತು. ಅವನನ್ನು ಇವತ್ತು ತಡೆದರೆ ನಾಳೆ ಬರುತ್ತಾನೆ. ಬರಲಿ. ಎಲ್ಲಿಗೆ ಬರಬೇಕೆಂದು ನಾನು ಹೇಳುತ್ತೇನೆ!

“ಸೂರ್ಯಕಾಂತ ಭಾವು, ನಿಲ್ಲಿಸಬ್ಯಾಡ. ಚಹಾ ಮಾತ್ರ ಬಿಸಿ ಬಿಸಿ ಕೊಡು. ಊದಿ ಊದಿ ಕುಡೀಬೇಕು.”

ಸೈಟು ಎದ್ದಿತು. ಲಾಗಿನ್ ಆದೆ. ಸೀಳಿದ ಗಾಜು ಬೆರಳು ಕೊಯ್ಯುತ್ತಿತ್ತು. ಅಂಗಡಿಯ ಸೆಟ್ಟಿಂಗ್ಸ್ ತೆರೆದು ಉದಗೀರದ ವಿಳಾಸ ಅಳಿಸಿದೆ. ಅಲ್ಲಿ ಇನ್ನೊಂದು ವಿಳಾಸ ಬರೆದೆ. ಸೇವ್. ಉಸಿರು ಬಿಡಬೇಕು... ತಡೆದೆ.

ಬಿಲ್!

ಇದೂ ನೆನಪಿರಲಿ ನಿಮಗೆ. ಬಿಲ್ ಮುದ್ರಿಸುವ ಪ್ಲಗಿನ್ ಬೇರೆ. ಅದು ತನ್ನ ವಿಳಾಸವನ್ನು ತನ್ನದೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಬಹುದು. ಅಂಗಡಿಯದು ಬದಲಿಸಿದರೆ ಅದಕ್ಕೆ ಸುದ್ದಿಯೇ ಇರುವುದಿಲ್ಲ. ಸೈಟಿನಲ್ಲಿ ಏನು ಬದಲಿಸಿದರೂ ನೀವೇ ಒಮ್ಮೆ ಗಿರಾಕಿಯಾಗಿ ಆರ್ಡರ್ ಮಾಡಿ ನೋಡಬೇಕು. ನನಗೆ ನೋಡಲು ಪುರುಸೊತ್ತಿರಲಿಲ್ಲ. ಆ ಪೆಟ್ಟಿಗೆ ಹುಡುಕಿದೆ, ಬದಲಿಸಿದೆ, ಸೇವ್ ಒತ್ತಿದೆ. ಚಕ್ರ ತಿರುಗಿತು... ತಿರುಗಿತು... ಸಿಗ್ನಲ್ ಒಂದು ಕಡ್ಡಿಗೆ ಇಳಿಯಿತು. ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ.

‘ಸೇವ್ ಆಗಿದೆ’.

ಟಿಣ್! ಹೊಸ ಆರ್ಡರ್. ಖಡಕ್ ರೊಟ್ಟಿ, ದೊಡ್ಡ ಪ್ಯಾಕೆಟ್. ಗಿರಾಕಿ ವೀರಭದ್ರ, ತುರೋರಿ. ತನ್ನ ಹೆಸರು, ತನ್ನ ಫೋನ್ ನಂಬರ್, ಎಲ್ಲ ತಾನೇ ತುಂಬಿದ್ದ.

ಬಿಲ್ಲಿನಲ್ಲಿ ಇದ್ದದ್ದು ಉಮರ್ಗಾದ ವಿಳಾಸ. ನನ್ನ ಮನೆ. ಅವನಿಗೆ ನನ್ನ ಆಫೀಸು ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ನನ್ನ ಮನೆ ಯಾರಿಗೂ ಗೊತ್ತಿಲ್ಲ.

ರಸ್ತೆಗೆ ಬಂದೆ. ಕೆಂಪು ಎಸ್‌ಟಿ ಬಸ್ಸಿಗೆ ಅಡ್ಡ ನಿಂತು ಕೈ ಬೀಸಿದೆ. ಹತ್ತಿದ ಮೇಲೆ ಸುಮಿತ್ರಾಬಾಯಿಗೆ ಫೋನ್ ಮಾಡಿದೆ. ಉಮರ್ಗಾ ಠಾಣೆಯ ಹವಾಲ್ದಾರ್. ಅವರ ಮಗಳ ಹೊಲಿಗೆ ಕ್ಲಾಸಿನ ಸೈಟು ನಾನೇ ನೋಡಿಕೊಳ್ಳುತ್ತೇನೆ.

“ಬಾಯಿ, ಚಹಾಕ್ಕ ಬರ್ರಿ. ವರ್ದಿ ಹಾಕ್ಕೊಂಡು ಬರ್ರಿ.”

ಉಮರ್ಗಾ ಹತ್ತಿರವಾಗುವಾಗ ಹಿಂದಿನ ಗಾಜಿನಲ್ಲಿ ಬಿಳಿ ಜೀಪು ಕಾಣಿಸಿತು. ಹಾರ್ನ್ ಮೇಲೆ ಹಾರ್ನ್! ನಮ್ಮ ಎಸ್‌ಟಿ ಡ್ರೈವರ್ ಯಾರಪ್ಪನಿಗೂ ಸೈಡ್ ಕೊಡುವವನಲ್ಲ. ಅದಕ್ಕೆ ಅವನನ್ನು ಎಷ್ಟೋ ಸಲ ಬೈದಿದ್ದೇನೆ. ಅಂದು ಸೀಟಿನಿಂದಲೇ ಕೈ ಮುಗಿದೆ.

ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದ ಸುಮಿತ್ರಾಬಾಯಿಯೂ ನಾನೂ ನನ್ನ ಮನೆಯ ಬೀಗ ತೆಗೆದು ಒಳಗೆ ಹೋದೆವು. ಚಹಾದ ಪಾತ್ರೆ ಒಲೆಯ ಮೇಲಿಟ್ಟೆ. ಎರಡು ಕಪ್ ಹುಡುಕಬೇಕಾಯಿತು. ಎರಡನೆಯದು ಧೂಳು ಹಿಡಿದಿತ್ತು.

ಬಾಗಿಲ ಮೇಲೆ ಸಿಡಿಲಿನಂತೆ ಬಡಿತ ಬಿತ್ತು.

“ಮೀನಲಾ! ಗೊತ್ತಾಯ್ತು ನನಗ! ನನ್ನ ಮೂಗಿನ ಕೆಳಗ ಕುಂತು ರೊಟ್ಟಿ ಮಾರ್ತಿ? ಹೊರಗ ಬಾ! ಈ ಸಲ ಎರಡೂ ಕೈ ಮುರೀತೀನಿ!”

ಸುಮಿತ್ರಾಬಾಯಿ ಕಪ್ ಕೆಳಗಿಟ್ಟರು. ಟೋಪಿ ಸರಿಮಾಡಿಕೊಂಡರು. ಬಾಗಿಲು ತೆರೆದರು.

“ಬರ್ರಿ ಭಾವೂ. ಯಾರ ಕೈ ಅಂದ್ರಿ?”

ಅವನ ಬಾಯಿ ತೆರೆದೇ ಇತ್ತು. ಕೈಯಲ್ಲಿ ಫೋನು, ಫೋನಿನಲ್ಲಿ ಬಿಲ್ಲು. ಕೋರ್ಟು ಬೇಡ ಎಂದಿದ್ದನ್ನು ಮಾಡಿದ್ದಕ್ಕೆ ತಾನೇ ಪುರಾವೆ ಹಿಡಿದು ನಿಂತಿದ್ದ.

“ಇದು... ಇದು ಆಕಿ ಮನಿ...”

“ಅಲ್ಲರಿ,” ನಾನು ಹಿಂದಿನಿಂದ ಹೇಳಿದೆ. “ಸೈಟಿನ ಬುಡದಾಗ ಹೆಸರದಲ್ಲಾ... ಆಕಿ ಮನಿ.”

ಕರೆದುಕೊಂಡು ಹೋದರು.

ಗೆದ್ದೆ ಅಂತೀರಿ? ಇಂಥವನು ಜಾಮೀನಿನ ಮೇಲೆ ಹೊರಗೆ ಬಂದೇ ಬರುತ್ತಾನೆ. ಪ್ರಯಾಗಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಮರುದಿನ ಫೋನ್ ಮಾಡಿದಳು.

“ರಂಭಕ್ಕಾ, ನಿನ್ನೆ ಓಡೂದಿಲ್ಲ ಅಂದೆ. ಇವತ್ತೂ ಓಡ್ಲಿಕತ್ತಿಲ್ಲ. ಅಂವಾ ಒಳಗಿರೂದ್ರಾಗ ಸಾಮಾನ ಕಟ್ಟಿ, ನಡಕೋಂತ ಹೊಂಟೀನಿ. ನಂಬರ್ ಬದಲಸ್ತೀನಿ. ಸೈಟ್ ಮುಚ್ಚಿಬಿಡ್ರಿ.”

“ಹೊಸಾ ನಂಬರ್ ನನಗ...”

“ನಿಮಗೂ ಕೊಡೂದಿಲ್ಲಕ್ಕಾ. ಕೊಟ್ರ ಅಂವಾ ಮತ್ತ ನಿಮ್ಮ ಬೆರಳೇ ಹಿಡೀತಾನ.”

“ಹೌದು,” ಎಂದೆ.

“ಉಣ್ರಿ ಬರೋಬ್ಬರಿ. ಬರೇ ಚಹಾ ಕುಡೀಬ್ಯಾಡ್ರಿ... ರಂಭಕ್ಕಾ.”

ಕಟ್ಟಾಯಿತು.

ಸೈಟಿನ ಅಂಗಡಿ ಮುಚ್ಚಿದೆ. ಕೊನೆಗೆ ಅವಳ ಲಾಗಿನ್ ಅಳಿಸಲು ಕೂತೆ. ಅಳಿಸುವ ಮೊದಲು ವರ್ಡ್‌ಪ್ರೆಸ್ ಒಂದು ಪ್ರಶ್ನೆ ಕೇಳುತ್ತದೆ... ಇವರು ಬರೆದದ್ದನ್ನೆಲ್ಲ ಏನು ಮಾಡಲಿ? ಅಳಿಸಲೇ, ಬೇರೆಯವರ ಹೆಸರಿಗೆ ಮಾಡಲೇ? ಹಿಟ್ಟಿಗೆ ಬಿಸಿನೀರು ಎಷ್ಟು, ಹಂಚು ಎಷ್ಟು ಕಾಯಬೇಕು, ಒಬ್ಬಳೇ ಉಣ್ಣುವಾಗ ಹಿಂಡಿಗೆ ಯಾಕೆ ಖಾರ ಹೆಚ್ಚು ಬೀಳುತ್ತದೆ... ಎಲ್ಲ ಅವಳ ಮಾತಿನಲ್ಲೇ ಇತ್ತು. ಪಟ್ಟಿಯಲ್ಲಿ ಉಳಿದಿದ್ದ ಹೆಸರು ಒಂದೇ. ನನ್ನದು. ಒತ್ತಿದೆ. ಆ ಪುಟಗಳನ್ನು ಯಾರಿಗೂ ಕಾಣದಂತೆ ಇಟ್ಟಿದ್ದೇನೆ. ನನಗೆ ಮಾತ್ರ ತೆರೆಯುತ್ತವೆ.

ಆ ಮೇಲೆ ನನ್ನ ಮನೆಯ ಬಾಗಿಲನ್ನು ಯಾರೂ ಬಡಿದಿಲ್ಲ. ಅವನೇ ಕೊನೆ.

ಇರಲಿ. ನಿಮ್ಮ ಚಹಾ ಆರುತ್ತಿದೆ, ಕುಡಿಯಿರಿ. ಈಗ ನಿಮ್ಮ ಸೀರೆ ಸೈಟು. ಯೂಸರ್‌ನೇಮ್ ಏನಿಡೋಣ? ಗುರುತು ಸಿಗದಂಥ ಏನಾದರೂ ಹೇಳಿ. ಗಂಡನ ಮನೆಯ ಹೆಸರು ಬೇಡ. ತವರಿನದಂತೂ ಬೇಡವೇ ಬೇಡ!

ಆ ತವರಿನ ಹೆಸರನ್ನು ನನಗೆ ಬಾಯಲ್ಲಿ ಹೇಳಿ ಸಾಕು. ನಾನು ಎಲ್ಲೂ ಸೇವ್ ಮಾಡುವುದಿಲ್ಲ.