ಪೆಟ್ರೋಲ್ ಹಾಕಿ ತಿಕ್ಕಿದ ಚೈನು

ದನದ ಡಾಕ್ಟರು ಮುರಿದ ಚೈನನ್ನು ಕೌಂಟರಿನ ಮೇಲೆ ಬಿಸಾಕಿದ ರಭಸಕ್ಕೆ ಚಿಕ್ಕಪ್ಪನ ಟೀ ಲೋಟ ತುಳುಕಿತು.

"ತಗೊಳ್ಳಿ, ಕಲ್ಲಿನಂಥ ಚೈನು ಅಂತ ಕೊಟ್ಟಿದ್ರಲ್ಲ, ಇದೇ ಅದು!"

ಅವನ ಎಡಗೈ ಬ್ಯಾಂಡೇಜು ಸುತ್ತಿಕೊಂಡು ಕುತ್ತಿಗೆಯಿಂದ ನೇತಾಡುತ್ತಿತ್ತು. ಕೆನ್ನೆ ತರಚಿತ್ತು. ಅಯ್ಯೋ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ನಿಜ. ಆದರೆ ನನ್ನ ಬಾಯಿಯ ಹಣೆಬರಹವೇ ಬೇರೆ.

"ಚೈನಿಗೆ ಏನು ಮಾಡಿದ್ರಿ?" ಎಂದೆ.

"ನಾನಾ? ರೀ, ಬಿದ್ದವನು ನಾನು. ಹೇಗಿದ್ದೀರಿ ಅಂತ ಕೇಳ್ತಾರೆ ಮನುಷ್ಯರಾದ್ರೆ."

"ಎರಡು ಕಾಲ ಮೇಲೆ ನಿಂತು ಕೂಗಾಡ್ತಾ ಇದ್ದೀರಿ. ಚೆನ್ನಾಗೇ ಇದ್ದೀರಿ."

"ನನ್ನ ಪೇಷೆಂಟುಗಳೂ ಒದೀತವೆ. ಆದ್ರೆ ನಿಮ್ಮಷ್ಟು ನೋಡಿಕೊಂಡು, ಗುರಿಯಿಟ್ಟು ಒದೆಯಲ್ಲ."

ಗ್ಯಾರೇಜಿನಲ್ಲಿ ನನ್ನನ್ನು ಎಲ್ಲರೂ ಸಿಡುಕಿ ಅಂತಲೇ ಕರೆಯುವುದು. ಒಂಬತ್ತು ವರ್ಷದಿಂದ ಚಿಕ್ಕಪ್ಪನ ಈ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನಾನೇ. ಈ ಡಾಕ್ಟರನ್ನು ಕಂಡರೆ ಮಾತ್ರ ನನ್ನ ಸಿಡುಕು ಒಂದಕ್ಕೆ ಎರಡಾಗುತ್ತಿತ್ತು. ಬಾಯಲ್ಲಿ ನೀವು ತಾವು, ಮನಸ್ಸಿನಲ್ಲಿ ಏಕವಚನ. ಯಾವಾಗಿನಿಂದ ಅಂತ ಕೇಳಬೇಡಿ.

ಅವನು ಬಂದ ಗಳಿಗೆಯೂ ಎಂಥದ್ದು ನೋಡಿ. ಚಿಕ್ಕಪ್ಪನಿಗೆ ಮಂಡಿನೋವು ಜಾಸ್ತಿಯಾಗಿ, ಒಂದನೇ ತಾರೀಖಿನಿಂದ ಗ್ಯಾರೇಜನ್ನು ಬೇರೆಯವರಿಗೆ ಒಪ್ಪಿಸುತ್ತೇನೆ ಎಂದಿದ್ದರು. ಒಂದು ಕಡೆ ನಾನು, ಇನ್ನೊಂದು ಕಡೆ ಅವರ ಅಳಿಯ, ಅಂದರೆ ನನ್ನ ಭಾವ. ಭಾವನಿಗೆ ಸ್ಪ್ಯಾನರ್ ಹಿಡಿಯಲು ಬಾರದು, ಗಿರಾಕಿಗಳ ಹತ್ತಿರ ನಗುನಗುತ್ತಾ ಮಾತಾಡಲು ಬರುತ್ತದೆ. ನನ್ನದು ಸರಿಯಾಗಿ ಉಲ್ಟಾ. ಆ ಬೆಳಿಗ್ಗೆ ಚಿಕ್ಕಪ್ಪ, ಭಾವ ಇಬ್ಬರೂ ಅಲ್ಲೇ ಕೂತಿದ್ದರು.

"ಕೂತ್ಕೊಳ್ಳಿ ಡಾಕ್ಟ್ರೇ. ಏನಾಯ್ತು?" ಎಂದರು ಚಿಕ್ಕಪ್ಪ.

ಅವನು ಕೂರಲಿಲ್ಲ. "ಹಸು ಕರು ಹಾಕೋಕಾಗದೆ ಒದ್ದಾಡ್ತಿದೆ ಅಂತ ನಿನ್ನೆ ಫೋನ್ ಬಂತು. ಅರ್ಧ ದಾರೀಲಿ ಬೈಕಿನ ಚೈನ್ ಕಡಿದು ಚಕ್ರಕ್ಕೆ ಸುತ್ತಿಕೊಳ್ತು. ಬಿದ್ದೆ. ಎದ್ದು ನಡ್ಕೊಂಡೇ ಹೋದೆ." ಇಲ್ಲಿ ಅವನ ದನಿ ಇಳಿಯಿತು. "ಹಸು ಉಳೀತು. ಕರು ಉಳೀಲಿಲ್ಲ."

"ಈ ಚೈನಿನ ತುದಿ ಜೋಡಿಸಿ ರಿವೆಟ್ ಹೊಡೆದದ್ದು ಯಾರು ಮಾವ?" ಎಂದ ಭಾವ, ಗೊತ್ತೇ ಇಲ್ಲದವನ ಹಾಗೆ.

ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ನೋಡು ಮಗಳೇ. ನಿನ್ನ ಕೈತಪ್ಪಿಂದ ಕಡಿದಿದ್ರೆ ಗ್ಯಾರೇಜು ಅಳಿಯನಿಗೆ. ಆಮೇಲೆ ಅಳಬೇಡ."

ನಾನು ಚೈನನ್ನು ಬೆಳಕಿಗೆ ಹಿಡಿದೆ. ನಾನು ಹೊಡೆದ ರಿವೆಟ್ ಹೊಡೆದ ಹಾಗೇ ಇತ್ತು. ಕಡಿದದ್ದು ಅಲ್ಲಿಂದ ಒಂದು ಗೇಣು ಆಚೆ. ನಾನು ಹಾಕಿಕೊಟ್ಟದ್ದು ರಿಂಗ್ ಚೈನು. ಅದರ ಪ್ರತಿ ಲಿಂಕಿನ ಸಂದಿಯಲ್ಲೂ ಒಂದು ಸಣ್ಣ ರಬ್ಬರ್ ರಿಂಗ್ ಇರುತ್ತದೆ. ಒಳಗಿನ ಗ್ರೀಸ್ ಹೊರಗೆ ಹೋಗಬಾರದು, ಹೊರಗಿನ ಕೆಸರು ಒಳಗೆ ಬರಬಾರದು, ಅದಕ್ಕೆ. ಈ ಚೈನಿನಲ್ಲಿ ರಿಂಗುಗಳೇ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಹರಿದ ಚೂರು. ಒಣಗಿದ ಲಿಂಕುಗಳು ಬಗ್ಗಿಸಿದರೂ ಬಗ್ಗುತ್ತಿರಲಿಲ್ಲ.

ನನ್ನ ಎದೆ ಹಗುರಾಯಿತು. ಹಗುರಾದದ್ದೇ ತಡ, ನಾಲಿಗೆ ಶುರುವಾಯಿತು.

"ಇದನ್ನ ಏನು ಹಾಕಿ ತೊಳೀತಿದ್ರಿ ಡಾಕ್ಟ್ರೇ?"

"ಪೆಟ್ರೋಲ್ ಹಾಕಿ. ತಂತಿ ಬ್ರಷ್‌ನಲ್ಲಿ. ದಿನಾ ಸಂಜೆ, ಒಂದು ದಿನ ತಪ್ಪಿಸದೆ."

"ಕೇಳಿದ್ರಾ ಚಿಕ್ಕಪ್ಪ? ಪೆಟ್ರೋಲು! ರಬ್ಬರ್ ರಿಂಗಿಗೆ ಪೆಟ್ರೋಲು! ಯಾವ ಪುಣ್ಯಾತ್ಮ ಹೇಳಿಕೊಟ್ಟ ಸ್ವಾಮಿ ನಿಮಗೆ ಈ ವಿದ್ಯೆ?"

ಅವನು ನನ್ನನ್ನು ನೋಡಿದ. ಹುಬ್ಬು ಒಂದಿಷ್ಟು ಮೇಲೇರಿತು, ತುಟಿ ಏನೋ ಹೇಳಲು ಹೊರಟು ನಿಂತಿತು. ಆ ನೋಟದಲ್ಲಿ ಕೋಪ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಆಶ್ಚರ್ಯ.

ಆಗ ನೆನಪಾಯಿತು. ನಾಲ್ಕು ತಿಂಗಳ ಹಿಂದೆ ಅವನು ಮೊದಲ ಸಲ ಬಂದಾಗ ಗಾಡಿಯಲ್ಲಿದ್ದದ್ದು ರಿಂಗ್ ಇಲ್ಲದ ಮಾಮೂಲಿ ಚೈನು, ಕೆಸರು ಸಗಣಿ ಮೆತ್ತಿಕೊಂಡು ಗಟ್ಟಿಯಾಗಿತ್ತು. ನನಗೆ ಮೈಯೆಲ್ಲ ಉರಿದುಹೋಗಿತ್ತು. "ದಿನಾ ಪೆಟ್ರೋಲ್ ಹಾಕಿ ತಂತಿ ಬ್ರಷ್‌ನಲ್ಲಿ ತಿಕ್ಕಿ. ತಿಕ್ಕದೆ ಈ ಕಡೆ ತಲೆ ಹಾಕಿದ್ರೆ ನೋಡಿ!" ಎಂದು ಗದರಿಸಿ ಕಳಿಸಿದ್ದೆ. ಆ ಚೈನಿಗೆ ಅದು ಸರಿಯಾದ ಮಾತೇ. ಆಮೇಲೆ ಹದಿನೈದು ದಿನಕ್ಕೆ ನಾನೇ ಅದನ್ನು ಬಿಚ್ಚಿ ಈ ರಿಂಗ್ ಚೈನು ಹಾಕಿಕೊಟ್ಟೆ. ಮೊದಲು ಹೇಳಿದ್ದನ್ನು ಬಿಟ್ಟುಬಿಡಿ ಎಂದು ಹೇಳಲಿಲ್ಲ. ಅವತ್ತೂ ಏನೋ ಒಂದಕ್ಕೆ ಬೈಯುತ್ತಿದ್ದೆ.

"ಹೇಳಿ ಡಾಕ್ಟ್ರೇ, ಯಾರು ಹೇಳಿದ್ದು?" ಎಂದರು ಚಿಕ್ಕಪ್ಪ.

ಅವನು ಚಿಕ್ಕಪ್ಪನನ್ನು ನೋಡಿದ. ಭಾವನನ್ನು ನೋಡಿದ.

"ಯಾರೂ ಹೇಳಿಲ್ಲ. ನಂದೇ ತಲೆ."

"ಅಷ್ಟೇ ತಾನೆ! ಸದ್ಯ, ನಮ್ಮ ಹುಡುಗಿ ತಪ್ಪಿಲ್ಲ," ಎಂದು ಚಿಕ್ಕಪ್ಪ ಟೀ ಲೋಟ ಎತ್ತಿಕೊಂಡರು.

ಬಚಾವಾದೆ ಎಂದು ಕುಣಿಯಬೇಕಿತ್ತು. ಕುಣಿಯುವುದಿರಲಿ, ಮೈಗೆ ಬೆಂಕಿ ಬಿದ್ದಂತಾಯಿತು. ಇವನು ಯಾರು ನನಗೆ ದಾನ ಮಾಡಲು?

ಬಾಗಿಲಲ್ಲಿ ತಳ್ಳಿಸಿ ತಂದು ನಿಲ್ಲಿಸಿದ್ದ ಅವನ ಬೈಕಿಗೆ ಹಾಕಲು ಮೂರು ಹೊಸ ಚೈನುಗಳನ್ನು ತಂದು ಕೌಂಟರಿನ ಮೇಲೆ ಸಾಲಾಗಿ ಹಾಕಿದೆ. ಅವನು ಬಗ್ಗಿದ, ನಾನೂ ಬಗ್ಗಿದೆ.

"ಯಾಕೆ ಸುಳ್ಳು ಹೇಳಿದ್ರಿ?" ಎಂದೆ ಹಲ್ಲು ಕಚ್ಚಿ, ಪಿಸುದನಿಯಲ್ಲಿ.

"ಯಾವುದು ಬಾಳಿಕೆ ಬರುತ್ತೆ, ಅದನ್ನ ಹೇಳಿ."

"ಇದು ಮಾಮೂಲಿ. ಪೆಟ್ರೋಲಲ್ಲಿ ಮುಳುಗಿಸಿದ್ರೂ ಏನೂ ಆಗಲ್ಲ, ಆದ್ರೆ ನಿಮ್ಮ ಕೆಸರು ದಾರಿಗೆ ಬೇಗ ಸವೆಯುತ್ತೆ. ಇದು ದಪ್ಪಂದು, ಎಳೆದ್ರೂ ಕಡಿಯಲ್ಲ, ಆದ್ರೆ ಇದಕ್ಕೂ ರಿಂಗ್ ಇಲ್ಲ, ಮಣ್ಣು ಒಳಗೆ ಹೋಗಿ ತಿಂದುಹಾಕುತ್ತೆ. ಮೂರನೇದು ರಿಂಗಿಂದು. ನೋಡ್ಕೊಂಡ್ರೆ ವರ್ಷಗಟ್ಟಲೆ ಬರುತ್ತೆ."

"ನಾನು ನೋಡ್ಕೊಳ್ಳಲಿಲ್ವಾ?"

"ನೋಡ್ಕೊಂಡಿದ್ದೇ ಜಾಸ್ತಿಯಾಗಿದ್ದು! ಚೈನು ಸುತ್ತೋ ಹಲ್ಲುಚಕ್ರ ಎರಡೂ ಬದಲಾಯಿಸ್ಬೇಕು."

"ಚೈನ್ ಒಂದೇ ಸಾಕು."

"ಹಸುವಿನ ಹಲ್ಲು ನೋಡಿ ವಯಸ್ಸು ಹೇಳ್ತೀರಲ್ಲ, ಅಲ್ಲಿ ನಿಮ್ಮ ಗಾಡಿಯ ಹಲ್ಲೂ ನೋಡಿ. ಸವೆದು ಕೊಕ್ಕೆ ಆಗಿವೆ. ಹೊಸ ಚೈನನ್ನ ಎರಡೇ ತಿಂಗಳಲ್ಲಿ ಹಾಳು ಮಾಡ್ತವೆ. ಯಾಕೆ ಸುಳ್ಳು ಹೇಳಿದ್ರಿ ಅಂದೆ!"

ಅವನು ರಿಂಗ್ ಚೈನನ್ನು ನನ್ನ ಕಡೆ ಸರಿಸಿದ. ಮುಖ ಎಷ್ಟು ಹತ್ತಿರವಿತ್ತೆಂದರೆ ಕೆನ್ನೆಯ ಗಾಯದ ಮೇಲಿನ ಔಷಧದ ವಾಸನೆ ಬರುತ್ತಿತ್ತು.

"ಕರು ಹೇಗೂ ಹೋಯ್ತು. ನಿಮ್ಮ ಗ್ಯಾರೇಜೂ ಹೋಗ್ಬೇಕಾ?"

ಅಷ್ಟೇ. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ನೋಡದೇ ಇದ್ದ ಆ ಕರು ಕಣ್ಣ ಮುಂದೆ ಬಂದು ಮಲಗಿತು.

"ಚಿಕ್ಕಪ್ಪ," ಎಂದೆ. "ಪೆಟ್ರೋಲ್ ಹಾಕಿ ತಿಕ್ಕಿ ಅಂತ ಹೇಳಿದ್ದು ನಾನೇ. ಚೈನು ಬದಲಾಯಿಸಿದ ಮೇಲೆ ಬೇಡ ಅನ್ನೋದು ಮರೆತೆ."

ಭಾವ ಎದ್ದು ನಿಂತ. ಡಾಕ್ಟರು ಕಣ್ಣು ಮುಚ್ಚಿಕೊಂಡ. ಚಿಕ್ಕಪ್ಪ ಲೋಟ ಕೆಳಗಿಟ್ಟರು.

"ಕೈಕೆಲಸದಲ್ಲಿ ನಿನ್ನನ್ನ ಮೀರಿಸೋರಿಲ್ಲ. ಆದ್ರೆ ಗಿರಾಕಿಗೆ ಹೇಳೋದನ್ನ ಹೇಳದೆ ಬರೀ ಬೈದು ಕಳಿಸ್ತೀಯ. ನಾಳೆ ಇನ್ಯಾರೋ ಬೀಳ್ತಾರೆ," ಎಂದರು. ಆಮೇಲೆ ಅಳಿಯನ ಕಡೆ ತಿರುಗಿದರು. "ಒಂದನೇ ತಾರೀಖಿಂದ ನೀನೇ ನೋಡ್ಕೊಳಪ್ಪ."

ಒಂಬತ್ತು ವರ್ಷ. ಅಳಲಿಲ್ಲ, ಅಳಬೇಡ ಎಂದು ಮೊದಲೇ ಹೇಳಿದ್ದರಲ್ಲ. ಚೈನು, ಹಲ್ಲುಚಕ್ರ ಎತ್ತಿಕೊಂಡು ಅವನ ಗಾಡಿಯ ಹತ್ತಿರ ಹೋಗಿ ಕೂತೆ. ಅವನು ಹಿಂದೆಯೇ ಬಂದ.

"ಬುದ್ಧಿ ಇದೆಯಾ ನಿಮಗೆ? ನಾನು ಬಾಯಿ ಮುಚ್ಚಿಕೊಂಡದ್ದು ಯಾಕೆ?"

"ಮುಚ್ಚಿಕೊಳ್ಳಿ ಅಂತ ನಾನು ಕೇಳಿದ್ನಾ?"

"ನೀವು ಯಾವತ್ತು ಯಾರನ್ನ ಏನು ಕೇಳಿದ್ದೀರಿ!"

"ಒಂದು ಸಲ ಹೇಳಿದ್ದನ್ನ ಮೂರೂವರೆ ತಿಂಗಳು ದಿನಾ ತಿಕ್ತಾರಾ ಯಾರಾದ್ರೂ? ಗಾಡಿ ಇಟ್ಕೊಂಡವರು ಯಾರೂ ಮೆಕ್ಯಾನಿಕ್ ಮಾತು ಕೇಳಲ್ಲ. ನೀವ್ಯಾಕೆ ಕೇಳಿದ್ರಿ?"

ಅವನು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಕಷ್ಟಪಟ್ಟು, ಒಂದು ಕೈ ನೆಲಕ್ಕೂರಿ.

"ನೀವು ಹೇಳಿದ್ರಿ ಅಂತ," ಎಂದ. ಇನ್ನೂ ಸಿಟ್ಟಿನಲ್ಲೇ ಇದ್ದ. "ಕೆಲಸ ಮುಗಿಸಿ ಸಾಕಾಗಿ ಮನೆಗೆ ಬರ್ತಿದ್ದೆ. ಆದ್ರೂ ತಿಕ್ತಿದ್ದೆ. ಮುಂದಿನ ಸಲ ನೋಡಿದಾಗ ಬೈಯೋಕೆ ಏನೂ ಸಿಗಬಾರದು ಇವಳಿಗೆ ಅಂತ. ಆಮೇಲೆ ಭಯ ಆಗ್ತಿತ್ತು. ಬೈಯೋಕೇ ಏನೂ ಇಲ್ಲದಿದ್ರೆ ನನ್ನ ಹತ್ತಿರ ಏನು ಮಾತಾಡ್ತೀರಿ ಅಂತ."

ನನ್ನ ಕೈಯ ಸುತ್ತಿಗೆ ರಿವೆಟ್ಟು ಬಿಟ್ಟು ಬೆರಳಿನ ಮೇಲೆ ಬಿತ್ತು. ಅದಕ್ಕೂ ಅವನನ್ನೇ ಬೈದೆ.

ಕೊನೆಯ ರಿವೆಟ್ ಕೂರಿಸಿ ಚಕ್ರ ತಿರುಗಿಸಿ ನೋಡುವಾಗ ಅವನ ಫೋನು ಬಡಿದುಕೊಂಡಿತು. ಕೇಳುತ್ತಾ ಕೇಳುತ್ತಾ ಅವನ ಮುಖ ಬಿಳಿಚಿತು. "ಎಮ್ಮೆ. ಕರು ಅಡ್ಡ ಸಿಕ್ಕಿಕೊಂಡಿದೆಯಂತೆ." ತನ್ನ ಕೈಯನ್ನು ನೋಡಿಕೊಂಡ, ಗಾಡಿಯನ್ನು ನೋಡಿದ.

"ಒಂದು ಕೈಯಲ್ಲಿ ಕರು ಎಳೀತೀರಾ?"

"ಹೇಳಿಕೊಟ್ರೆ ಯಾರಾದ್ರೂ ಎಳೀಬಹುದು. ಹೋಗೋದು ಹೇಗೆ ಅಂತ ಯೋಚಿಸ್ತಿದ್ದೀನಿ."

"ಯೋಚನೆ ಆಮೇಲೆ ಮಾಡಿ. ಹಿಂದೆ ಕೂತ್ಕೊಳ್ಳಿ," ಎಂದು ಕೀಲಿ ಕಿತ್ತುಕೊಂಡೆ. "ಸರಿಯಾಗಿ ಹಿಡ್ಕೊಳ್ಳಿ. ಬಿದ್ದು ಇನ್ನೊಂದು ಕೈ ಮುರ್ಕೊಂಡ್ರೆ ನಾನು ಜವಾಬ್ದಾರಿಯಲ್ಲ."

ಮುಖ್ಯ ರಸ್ತೆ ದಾಟುವವರೆಗೆ ಅವನು ಸೀಟಿನ ಅಂಚನ್ನು ಹಿಡಿದಿದ್ದ. ಗುಂಡಿ ಬಂತು. ಕೈ ನನ್ನ ಭುಜಕ್ಕೆ ಬಂತು. ಗುಂಡಿ ಹೋಯಿತು, ಕೈ ಹೋಗಲಿಲ್ಲ. ನಾನು ಕೇಳಲೂ ಇಲ್ಲ.

"ಈ ಚೈನು ಹೇಗೆ ತೊಳೀಬೇಕು? ಈಗಲಾದ್ರೂ ಪೂರ್ತಿ ಹೇಳಿ."

"ಸೀಮೆಎಣ್ಣೆ, ಮೆತ್ತನೆ ಬಟ್ಟೆ. ಒರೆಸಿ ಒಣಗಿಸಿ. ಆಮೇಲೆ ಗೇರ್ ಎಣ್ಣೆ, ತೆಳ್ಳಗೆ. ಪೆಟ್ರೋಲ್ ಬೇಡ, ತಂತಿ ಬ್ರಷ್ ಬೇಡ. ವಾರಕ್ಕೊಂದು ಸಲ ಸಾಕು. ತಿಳೀತಾ?"

"ತಿಳೀತು. ಹೇಳೋದು ಮರೆತದ್ದು ಇನ್ನೇನಾದ್ರೂ ಇದೆಯಾ?"

ಮುಖ ಕಾಣದಿದ್ದರೆ ಎಷ್ಟೋ ಮಾತು ಸಲೀಸು. ರಸ್ತೆ ನೋಡಿಕೊಂಡು ಒಂದು ಗೇರ್ ಇಳಿಸಿದೆ.

"ಇದೆ. ನಾಲ್ಕು ತಿಂಗಳಿಂದ ಇದೆ. ನೀವಂದ್ರೆ ನನಗೆ ಪ್ರಾಣ. ಬೈಯೋದು ಅದಕ್ಕೇ."

ಭುಜದ ಮೇಲಿನ ಕೈ ಬಿಗಿಯಾಯಿತು.

"ರೀ, ಇದನ್ನ ಮೊದಲೇ ಹೇಳ್ಬಾರದಿತ್ತಾ?" ಎಂದ. ಅವನ ದನಿ ಒಡೆದಿತ್ತು. "ನಾನು ಚೈನಿನ ತಂಟೆಗೇ ಹೋಗ್ತಿರಲಿಲ್ಲ."

"ಬಾಯಿ ಮುಚ್ಚಿಕೊಂಡು ದಾರಿ ಹೇಳಿ," ಎಂದೆ. ಕಣ್ಣು ಮಂಜಾಗಿ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ.

"ಬಲಕ್ಕೆ," ಎಂದ ಅವನು, ನನ್ನ ಕಿವಿಯ ಹತ್ತಿರ.