ಮುಂದಿನ ರೋಗಿ ಬರುವ ಮೊದಲು

“ಬೆಲ್ ಒತ್ತಿ ಎಷ್ಟೊತ್ತಾಯ್ತು? ಕಿವಿ ಕೇಳ್ಸಲ್ವಾ ನಿಮಗೆ?”

ಡಾಕ್ಟರ್ ಬಾಗಿಲಿಗೇ ಬಂದು ರೇಗಿದಾಗ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ರೋಗಿಗಳನ್ನು ಸರದಿಯಂತೆ ಒಳಗೆ ಬಿಡುವುದು ಬಾಗಿಲಲ್ಲಿ ನಿಂತ ಆ ಹುಡುಗಿಯ ಕೆಲಸ. ಅವನು ಅವಳ ಮುಖ ನೋಡಿ ಮಾತಾಡಿದ್ದು ಇದೇ ಮೊದಲು... ಅದೂ ಹೀಗೆ!

“ಕಳಿಸ್ತೀನಿ ಸರ್,” ಎಂದಳು.

ಪಕ್ಕದ ಕೋಣೆಯ ಡಾಕ್ಟರ್ ಕೆಲಸ ಬಿಟ್ಟ ಮೇಲೆ ಆ ಸಾಲೂ ಇವನ ತಲೆಗೇ ಬಿದ್ದಿತ್ತು. ರಾತ್ರಿ ಪಾಳಿ ಮುಗಿಸಿ, ಮುಖ ತೊಳೆದು, ಹಾಗೇ ಬಂದು ಕೂರುತ್ತಿದ್ದ. ಮೊದಮೊದಲು ಮಕ್ಕಳನ್ನು ನಗಿಸಿ ಬಾಯಿ ತೆರೆಸುತ್ತಿದ್ದವನು ಈಗ ತಲೆಯೆತ್ತದೆ ಔಷಧಿ ಬರೆಯುತ್ತಿದ್ದ. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಮನೆಗೆ ಹೋಗುತ್ತಿತ್ತು.

ಅವಳು ಎಲ್ಲವನ್ನೂ ನೋಡುತ್ತಿದ್ದಳು. ಹೇಳಲು ಬಾಯಿ ಬರುತ್ತಿರಲಿಲ್ಲ. ಅದಕ್ಕೇ ಮಧ್ಯಾಹ್ನ ಬೆಲ್ ಆದರೂ ಸ್ವಲ್ಪ ಹೊತ್ತು ಯಾರನ್ನೂ ಬಿಡುತ್ತಿರಲಿಲ್ಲ. ತೀರಾ ಸುಸ್ತಾದವರನ್ನು ಮಾತ್ರ ತಡೆಯುತ್ತಿರಲಿಲ್ಲ.

ಮರುದಿನ ಮುಖ್ಯ ವೈದ್ಯೆಯೇ ಬಂದರು.

“ನಿಮ್ಮ ಸಾಲು ಯಾಕೆ ಕರಗ್ತಿಲ್ಲ? ಜನ ನನ್ನ ತಲೆ ತಿಂತಿದ್ದಾರೆ.”

“ನನ್ನಿಂದ ಇಷ್ಟೇ ಆಗೋದು ಮೇಡಂ. ತಿಂಗಳ ಕೊನೆಗೆ ಬಿಡ್ತೀನಿ. ಡಾಕ್ಟರ್ ಕೆಲಸಾನೇ ಬೇಡ ಅನ್ಸಿಬಿಟ್ಟಿದೆ.”

ಬಾಗಿಲಲ್ಲಿದ್ದ ಅವಳಿಗೆ ಅದು ಕೇಳಿಸಿತು. ‘ನನ್ನಿಂದಾನಾ...?’

“ತಡ ಮಾಡಿದ್ದು ನಾನು ಮೇಡಂ,” ಎಂದಳು.

“ಯಾಕಮ್ಮಾ?”

“ಅವರು ಊಟ ಮಾಡ್ಲಿ ಅಂತ. ಎಕ್ಸರೇ ಮಿಷನ್ ಬಿಸಿಯಾದ್ರೆ ನಿಲ್ಲಿಸ್ತೀರಿ. ಇವರನ್ನ ನಿಲ್ಲಿಸೋರೇ ಇಲ್ಲ.”

ಅವನು ಅವಳನ್ನೇ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ: “ಮೇಡಂ, ಇನ್ನು ನನ್ನ ಸಾಲು ಮಾತ್ರ ನೋಡ್ತೀನಿ. ರಾತ್ರಿ ಪಾಳಿ ಮಾಡಿದ ಮರುದಿನ ಬರಲ್ಲ. ಒಪ್ಪಿದ್ರೆ ಇರ್ತೀನಿ.”

“ಪಕ್ಕದ ಕೋಣೆ ಸಾಲು ಯಾರು ನೋಡ್ತಾರೆ?”

“ಹೊಸಬರು ಬರೋವರೆಗೂ ನೀವೇ ನೋಡಿ.”

ಮೇಡಂ ಮುಖ ಊದಿಸಿಕೊಂಡೇ ಪಕ್ಕದ ಕೋಣೆಯಲ್ಲಿ ಕೂತರು. ಮಧ್ಯಾಹ್ನ ಹೊರಬಂದು, “ಜನ ನೀರು ಕುಡಿಯೋಕೂ ಬಿಡ್ಲಿಲ್ವಲ್ಲಮ್ಮಾ!” ಎಂದು ಗೋಡೆಗೊರಗಿದರು. ಅದೇ ವಾರ ಹೊಸ ಡಾಕ್ಟರಿಗಾಗಿ ಪ್ರಕಟಣೆ ಹೊರಬಿತ್ತು.

ಪ್ರಕಟಣೆ ಬಂದ ದಿನ ಸಂಜೆ ಅವನು ಮೆಟ್ಟಿಲ ಬಳಿ ಕಾದಿದ್ದ.

“ಬೈದಿದ್ದಕ್ಕೆ ಬೇಜಾರಾಯ್ತಾ?”

“ಬೇಜಾರಾಯ್ತು. ಆದ್ರೆ ನೀವು ಹೋಗ್ತೀನಿ ಅಂದಾಗ ಅದಕ್ಕಿಂತ ಜಾಸ್ತಿ ಆಯ್ತು.”

“ನನ್ನ ಊಟದ ಯೋಚನೆ ಮಾಡಿದ್ದು ನೀವೊಬ್ಬರೇ,” ಎಂದ ಅವನು. “ನಾಳೆ ರಜೆ. ನಿಮ್ಮ ಅಮ್ಮನ ಹತ್ತಿರ ಬಂದು ಮದುವೆ ಮಾತಾಡ್ಲಾ?”

“ಮೊದಲು ನನ್ನನ್ನ ಕೇಳ್ಬೇಕಲ್ವಾ?”

“ಕೇಳಿದ್ರೆ ಒಪ್ತೀರಾ?”

ಅವಳು ಅವನ ಕೆಂಪು ಕಣ್ಣುಗಳನ್ನು ನೋಡಿ ಮೆಲ್ಲಗೆ ನಕ್ಕಳು.

“ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಬಂದು ಕೇಳಿ. ಈ ಮುಖ ನೋಡಿ ಒಪ್ಪಿದ್ರೆ, ಪಾಪ ಅಂತ ಒಪ್ಪಿದ್ಲು ಅಂದ್ಕೋತೀರಿ.”